ರಿಟೈರ್ ಆಗುವ ಹೆಂಡತಿ

ಹೈದರಾಬಾದಿನ ಕೋಠಿ ಬಸ್‌ಸ್ಟಾಪಿನಲ್ಲಿ ಮಾಲಿನಿ ತನ್ನ ಅತ್ತಿಗೆ ವತ್ಸಲಾಳಿಗೆ ಒಂದು ಜಪಾನಿ ಸೀರಿಯಲ್ ನೋಡೆಂದು ದುಂಬಾಲು ಬಿದ್ದಿದ್ದಳು. ಪಕ್ಕದಲ್ಲಿ ಬಸ್ಸಿಗೆ ಕಾಯುತ್ತ ಕೂತಿದ್ದ, ಅವರಿಗೆ ಗುರುತಿಲ್ಲದ ಅಂಬವ್ವನ ಕಿವಿಯೆಲ್ಲ ಅತ್ತಲೇ.

“ಗಂಡ ರಿಟೈರ್ ಆದ ದಿನಾನೇ ಹೆಂಡ್ತಿನೂ ಅಡಿಗಿಮನಿಯಿಂದ ರಿಟೈರ್ ಆಗ್ತಾಳ, ವೈನಿ.”

“ಅತ್ತಿ ವಿಷಾ ಹಾಕೂದಿಲ್ಲೇನು ಅದರಾಗ?”

“ಇಲ್ರಿ. ಗಂಡ ತಾನ ಅಡಿಗಿ ಮಾಡಾಕ ಹೋಗಿ ಅನ್ನಾ ಸೀಸ್ತಾನ, ಅಷ್ಟ.”

“ನಿಮ್ಮಣ್ಣ ರಿಟೈರ್ ಆಗಿ ನಾಕು ದಿನ ಆತು. ದಿನಕ್ಕ ಎಂಟು ಸಲ ಚಹಾ ಕೇಳಾಕತ್ತಾರ.”

“ಅದಕ್ಕ ಹೇಳಾಕತ್ತೀನಿ.”

“ಒಡಹುಟ್ಟಿದವನ ಮ್ಯಾಲ ನೀನೇ ಕಿತಾಪತಿ ಮಾಡ್ತೀಯೇನ?”

“ನಿಮಗಿಂತ ಮೊದಲ ಅವಗ ನೀರಿನ ತಂಬಿಗಿ ಕೊಟ್ಟಾಕಿ ನಾನು.”

ಅಷ್ಟರಲ್ಲಿ ವತ್ಸಲಾಳ ಫೋನು ರಿಂಗಾಯಿತು. ಗಂಡನ ದನಿ ಅಂಬವ್ವನಿಗೂ ಕೇಳಿಸಿತು: “ಚಹಾಪುಡಿ ಡಬ್ಬಿ ಎಲ್ಲೈತಿ?”



“ಅಡಿಗಿಮನ್ಯಾಗ ಐತ್ರಿ. ಅಡಿಗಿಮನಿ ಎಲ್ಲೈತಿ ಅಂತ ಬಾಜೂಮನಿಯವರನ್ನ ಕೇಳ್ರಿ.”

ಫೋನು ಚೀಲಕ್ಕೆ ಹಾಕಿ, ಸನತ್‌ನಗರದ ತನ್ನ ಮನೆಕಡೆಯ ಬಸ್ಸು ಬಂದು ನಿಂತಿದ್ದರೂ ಬಿಟ್ಟು, ಅವಳು ನಾದಿನಿಯ ಮನೆಕಡೆಯ ಬಸ್ಸು ಹತ್ತಿದಳು.