ಹಪ್ಪಳದ ಬಟ್ಟೆಯ ಮೇಲಿನ ಕಲೆಗಳು

ಬೆಳಿಗ್ಗೆ ಹತ್ತೂಕಾಲು, ೨೦೦೬ರ ಮೇ ತಿಂಗಳು. ಅಂಕೋಲಾ ಬಸ್ ನಿಲ್ದಾಣದಲ್ಲಿ ಮಾವಿನಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ನಾಗಮ್ಮನ ಪಕ್ಕದಲ್ಲಿ ಆಗಷ್ಟೇ ಊರಿನ ಬಸ್ಸಿನಿಂದ ಇಳಿದ ಒಬ್ಬ ಹುಡುಗಿಯೂ ಅವಳ ಸೋದರಮಾವನೂ ಭಾರದ ಗೋಣಿಚೀಲ ಇಳಿಸಿದರು. ಒಳಗೆ ಕಬ್ಬಿಣ ಸದ್ದು ಮಾಡಿತು.

“ಗ್ಯಾರೇಜಿಗೆ ಕೊಡುವ, ರಂಜನಾ. ಸಾಕು ನಿನ್ನ ಮಿಸ್ತ್ರಿಕೆ.”

“ಕೊಡೂದಿಲ್ಲ ಮಾವ. ಕಾರಿನ ಗೇರ್‌ಬಾಕ್ಸ್ ಬಿಚ್ಚಿದ್ದು ನಾನು, ಜೋಡಿಸೂದೂ ನಾನೇ.”

“ಇದಕ್ಕೆ ಮೊದಲು ಸೈಕಲ್ ಚೈನಾದ್ರೂ ಹಾಕಿದ್ಯಾ?”

“ಇಲ್ಲ. ಪುಸ್ತಕ ನೋಡಿ ಬಿಚ್ಚಿದೆ, ಅಂಗಳದಲ್ಲಿ ಸಾಲಾಗಿ ಇಟ್ಟೆ. ಮೋಡ ಬಂತು ಹೇಳಿ ಆಯಿ ಹಪ್ಪಳದ ಸಂಗಡ ಅದನ್ನೂ ಬಾಚಿ ಬುಟ್ಟಿಗೆ ತುಂಬಿದ್ರೆ ನನ್ನ ತಪ್ಪಾ?”

“ಸಾಲು ಹೋಯ್ತಲ್ಲ. ಯಾವ ಚಕ್ರದ ಹಿಂದೆ ಯಾವುದು, ಈಗ ನಿನ್ನ ಆಯಿ ಹೇಳ್ತಾಳಾ?”

“ಇದು ಹೇಳ್ತದೆ.”

ಅವಳು ಕಂಕುಳಲ್ಲಿದ್ದ ಬಟ್ಟೆ ಬಿಡಿಸಿದಳು. ಹಪ್ಪಳ ಒಣಗಿಸುವ ಹಳೆಯ ಪಂಚೆ ಅದು. ಬಿಡಿಭಾಗಗಳನ್ನು ಇಟ್ಟಿದ್ದಲ್ಲೆಲ್ಲ ಎಣ್ಣೆಯ ದುಂಡು ಕಲೆ ಉಳಿದಿತ್ತು. ಚೀಲದಿಂದ ಹಲ್ಲಿನ ಚಕ್ರವೊಂದನ್ನು ತೆಗೆದು ಮೂರನೆಯ ಕಲೆಯ ಮೇಲಿಟ್ಟಳು. ಅಂಚಿಗೆ ಅಂಚು ಕೂಡಿತು.

ನಾಗಮ್ಮ ಬುಟ್ಟಿ ಸರಿಸಿ ಬಟ್ಟೆಗೆ ಜಾಗ ಮಾಡಿಕೊಟ್ಟಳು.

“ಗ್ಯಾರೇಜಿನವ ನೋಡಿದ್ರೆ ನಗ್ತಾನೆ,” ಎಂದ ಮಾವ.

“ನಗಲಿ. ಇವತ್ತು ಅವನ ಕೈಗೆ ಕೊಟ್ರೆ, ನಾಳೆಯಿಂದ ನಂಗೆ ಸ್ಪ್ಯಾನರ್ ಮುಟ್ಟೂಕೂ ನೀವು ಯಾರೂ ಬಿಡೂದಿಲ್ಲ.”

ಮಾವ ಅದೇ ಚಕ್ರವನ್ನು ನಾಲ್ಕನೆಯ ಕಲೆಯ ಮೇಲಿಟ್ಟು ನೋಡಿದ. ಕೂಡಲಿಲ್ಲ. ಎತ್ತಿ ಮೂರನೆಯದರ ಮೇಲೆಯೇ ಇಟ್ಟ.

ಹತ್ತೂವರೆಗೆ ಅವರ ಊರು ಹಿಲ್ಲೂರಿಗೆ ವಾಪಸ್ ಹೋಗುವ ಬಸ್ಸು ಬಂತು. ರಂಜನಾ ಬಟ್ಟೆ ಮಡಚಿಕೊಂಡು ಗೋಣಿಯ ಒಂದು ತುದಿ ಹಿಡಿದಳು. ಇನ್ನೊಂದು ತುದಿಯನ್ನು ಮಾವ ಹಿಡಿದ. ಇಬ್ಬರೂ ಬಸ್ಸು ಹತ್ತಿದರು.