ಭುಜದ ಮೇಲಿನ ಕೈ

ಜಯನಗರ ನಾಲ್ಕನೇ ಬ್ಲಾಕಿನ ಕ್ಯಾಮೆರಾ ಅಂಗಡಿಯಲ್ಲಿ ಮೈತ್ರೇಯಿ ಕಾಯುತ್ತಿದ್ದಳು. ಮುಂದಿನ ವಾರ ಗಂಡನ ವರ್ಷಾಬ್ದಿಕ. ಅವನೊಬ್ಬನೇ ಇರುವ ಫೋಟೋ ಸಿಗದೆ, ಇಬ್ಬರೂ ಇದ್ದದ್ದನ್ನೇ ತಂದಿದ್ದಳು. ಅವಳಿದ್ದ ಭಾಗ ಕತ್ತರಿಸಿದರೂ ಅವನ ಭುಜದ ಮೇಲೆ ಅವಳ ಕೈ ಉಳಿದಿತ್ತು.

“ಹಾರ ಹಾಕೋ ಫೋಟೋದಲ್ಲಿ ಬದುಕಿರೋರ ಕೈ ಇರಬಾರ್ದು ಮೇಡಂ. ಅಳಿಸಿಬಿಡ್ಲಾ?” ಎಂದು ಅಂಗಡಿಯವನು ಕೇಳಿದ್ದ. “ಸ್ವಲ್ಪ ಯೋಚಿಸಿ ಹೇಳ್ತೀನಿ,” ಎಂದು ಅವಳು ಕುರ್ಚಿ ಎಳೆದುಕೊಂಡು ಕೂತಿದ್ದಳು.

ಪಕ್ಕದಲ್ಲಿ ವಯಸ್ಸಾದ ದಂಪತಿ ಎರಡು ಲೆನ್ಸ್ ಮುಂದಿಟ್ಟುಕೊಂಡು ಕೂತಿದ್ದರು. ಗಂಡ ಹೆಂಡತಿಗೆ ವಿವರಿಸುತ್ತಿದ್ದರು.

“ಈ ಎರಡು ಲೆನ್ಸೂ ಕೈಯಲ್ಲೇ ತಿರುಗಿಸಿ ಫೋಕಸ್ ಮಾಡೋವು, ಚೂಡಾ. ಇದು ಮುಖಕ್ಕೆ. ಇದು ಮ್ಯಾಕ್ರೋ, ಇರುವೆ ಮೀಸೆನೂ ಕಾಣುತ್ತೆ.”

“ಇರುವೆಗೆ ಲೆನ್ಸು, ನನ್ನ ಫೋಟೋಗೆ ಮಾತ್ರ ಮೊಬೈಲು.”

“ಮ್ಯಾಕ್ರೋದಲ್ಲೂ ಮುಖ ತೆಗೀಬಹುದು. ಆದ್ರೆ ಒಂದೊಂದು ಸುಕ್ಕೂ ಎದ್ದು ಕಾಣುತ್ತೆ, ಆಮೇಲೆ ಬೈಬೇಡ.”

“ಇನ್ನೊಂದರಲ್ಲಿ?”

“ಕಣ್ಣು ಸ್ಪಷ್ಟ, ಮಿಕ್ಕಿದ್ದೆಲ್ಲ ನುಣ್ಣಗೆ, ಮಸುಕು ಮಸುಕು. ಚೆನ್ನಾಗಿ ಕಾಣ್ತೀಯ.”

“ಮಸುಕು ಯಾಕ್ರೀ? ಗಲ್ಲದ ಮೇಲೆ ಈ ಕಲೆ ನೋಡಿ, ಸ್ಕೂಟರ್ ಕಲಿಸ್ತೀನಿ ಅಂತ ನೀವು ಬೀಳಿಸಿದ್ದು. ಅದೂ ಬರ್ಲಿ. ಸುಕ್ಕು ಕಾಣೋದೇ ತಗೊಳ್ಳಿ.”

“ಫೋಕಸ್‌ಗೆ ಹೊತ್ತು ಹಿಡಿಯುತ್ತೆ. ಅಲ್ಲಾಡದೆ ಕೂರ್ಬೇಕು.”

“ಮೂವತ್ತೆಂಟು ವರ್ಷದಿಂದ ಕೂತೇ ಇದ್ದೀನಲ್ಲ!”

ಮ್ಯಾಕ್ರೋ ಕಟ್ಟಿಸಿಕೊಂಡು, ಆಟೋನೋ ಮೆಟ್ರೋನೋ ಎಂದು ಜಗಳವಾಡುತ್ತಾ ಇಬ್ಬರೂ ಮೆಟ್ಟಿಲಿಳಿದು ಹೋದರು.

“ಮೇಡಂ, ಆ ಕೈ?” ಅಂಗಡಿಯವನು ಮತ್ತೆ ಕೇಳಿದ.

“ಇರಲಿ,” ಎಂದಳು ಮೈತ್ರೇಯಿ. “ಹಾರ ಹಾಕಿದ್ರೆ ಮುಚ್ಚಿಹೋಗುತ್ತೆ.”