ಮೂರರಿಂದ ನಾಲ್ಕು, ಹೆಂಗಸರ ತಾಸು

ಅಧ್ಯಕ್ಷ ಪೀಠದಲ್ಲಿರುವ ವಕೀಲ ಚನ್ನವೀರಪ್ಪನವರೇ, ನಮ್ಮ ವಾಚನಾಲಯದ ಕಾರ್ಯದರ್ಶಿ ಕರಿಬಸಪ್ಪನವರೇ, ಹಾನಗಲ್ಲಿನ ಹಿರಿಯರೇ, ಪರದೆಯ ಆಚೆ ಕೂತಿರುವ ತಾಯಂದಿರೇ, ಸಭಿಕರೇ,

ಸಾವಿರದ ಒಂಬೈನೂರ ನಲವತ್ತೊಂದನೆಯ ಇಸವಿಯ ಈ ವಾರ್ಷಿಕೋತ್ಸವದಲ್ಲಿ ‘ಪಟ್ಟಣವಾಸದ ಅನುಕೂಲಗಳು’ ಎಂಬ ವಿಷಯ ಕೊಟ್ಟು, ಹೆಣ್ಣುಮಕ್ಕಳ ಶಾಲೆಯ ಅಕ್ಕೋರನ್ನು ಮಾತಿಗೆ ನಿಲ್ಲಿಸಿದ್ದೀರಿ. ನನ್ನ ಭಾಷಣ ಮುಗಿದ ಕೂಡಲೇ ಕರಿಬಸಪ್ಪನವರು ಹೆಂಗಸರ ತಾಸಿಗೆ ತಪ್ಪದೆ ಬಂದ ನಾಲ್ವರ ಹೆಸರು ಕರೆದು, ಒಬ್ಬೊಬ್ಬರಿಗೂ ಒಂದು ಕುಬಸದ ಖಣ ಕೊಡುವವರಿದ್ದಾರೆ. ಖಣಗಳು ಆಗಲೇ ಮೇಜಿನ ಮೇಲಿವೆ. ಅವರು ಎದ್ದು ನಿಲ್ಲುವುದರೊಳಗೆ ನಾನು ಒಂದು ಮಾತು ಹೇಳಿ ಮುಗಿಸಬೇಕಾಗಿದೆ. ಅದಕ್ಕೇ ಭಾಷಣ ಎಲ್ಲಿಯಾದರೂ ಹಾದಿ ತಪ್ಪಿದರೆ ಮನ್ನಿಸಬೇಕು.

ಅನುಕೂಲಗಳಿಗೆ ಏನು ಕಡಿಮೆ? ಇಪ್ಪತ್ತೆರಡು ವರ್ಷದ ಹಿಂದೆ ನನ್ನ ಅಪ್ಪ ಹಿರೇಕೆರೂರಿನಿಂದ ಚಕ್ಕಡಿಯಲ್ಲಿ ಕರೆತಂದು ನನ್ನನ್ನು ಇಲ್ಲಿ ಇಳಿಸಿದರು. ನನಗಾಗ ಇಪ್ಪತ್ತು. ಗಂಡ ತೀರಿ ಆರು ವರ್ಷವಾಗಿತ್ತು. ಟ್ರೇನಿಂಗು ಮುಗಿಸಿದ್ದೆ. “ಊರು ದೊಡ್ಡದೈತಿ, ಎಲ್ಲಾ ಸಿಗತೈತಿ. ನಿನಗೇನೂ ಕಡಿಮಿ ಆಗಂಗಿಲ್ಲ” ಎಂದು ಹೇಳಿ, ಎತ್ತು ತಿರುಗಿಸಿಕೊಂಡು ಹೋದರು. ಅವರ ಮಾತು ಸುಳ್ಳಾಗಲಿಲ್ಲ. ದವಾಖಾನೆ ಇದೆ, ಟಪಾಲು ಕಚೇರಿ ಇದೆ, ಹೊಲಿಗೆ ಯಂತ್ರದ ಅಂಗಡಿ ಇದೆ. ಹಾವೇರಿಯ ಮೋಟಾರು ದಿನಕ್ಕೆ ಎರಡು ಸಲ ಬರುತ್ತದೆ. ಒಮ್ಮೆ ತಾನಾಗಿ ಬರುತ್ತದೆ, ಇನ್ನೊಮ್ಮೆ ನೀವೆಲ್ಲ ದೂಡಿದರೆ ಬರುತ್ತದೆ. ಚಹಾದ ಹೋಟೆಲು ಮೂರಿವೆ. ಅವುಗಳ ಚಹಾ ಹೇಗಿರುತ್ತದೆ ಎಂದು ನಾನು ಹೇಳಲಾರೆ. ವಾಸನೆಯನ್ನು ಮಾತ್ರ ಬಲ್ಲೆ, ರಸ್ತೆಯ ಆಚೆ ಬದಿಯಿಂದ.

ಎರಡೂವರೆಗೆ ಶಾಲೆ ಬಿಟ್ಟ ಮೇಲೆ ಒಬ್ಬ ಹೆಣ್ಣುಮಗಳು ಈ ಊರಲ್ಲಿ ಎಲ್ಲಿ ಹೋಗಬೇಕು? ಗುಡಿಗೆ ಹೋಗಬಹುದು, ಹೋಗುತ್ತೇನೆ. ಆಮೇಲೆ? ಕಲಿಸಿದ ಮಕ್ಕಳ ಮನೆಗೆ ಹೋದರೆ “ಬರ್ರಿ ಅಕ್ಕೋರ, ಕುಂದರ್ರಿ” ಎಂದು ಚಾಪೆ ಹಾಸಿ, ಎಲ್ಲರೂ ನಿಂತೇ ಇರುತ್ತಾರೆ. ನಾನು ಏಳುವ ತನಕ ಆ ಮನೆಯಲ್ಲಿ ಯಾರೂ ನಗುವುದಿಲ್ಲ.

ಹೀಗಿರುವಾಗ ಹೋದ ವರ್ಷ ಈ ವಾಚನಾಲಯದ ಮಂಡಳಿಯವರು ದೊಡ್ಡ ಮನಸ್ಸು ಮಾಡಿ, ಮಧ್ಯಾಹ್ನ ಮೂರರಿಂದ ನಾಲ್ಕು ಗಂಟೆಯ ತನಕ ಗಂಡಸರನ್ನು ಹೊರಗೆ ಕಳಿಸಿ, ಕಿಡಕಿಗೆ ಪರದೆ ಕಟ್ಟಿಸಿ, ಹೆಂಗಸರ ತಾಸು ತೆರೆದರು. ಒಂದು ನಿಯಮವನ್ನೂ ಮಾಡಿದರು. ದಿನಕ್ಕೆ ಐದು ಮಂದಿಯಾದರೂ ಬಂದು ಹಾಜರಿ ಪುಸ್ತಕದಲ್ಲಿ ಹೆಸರು ಬರೆಯಬೇಕು. ಇಲ್ಲವಾದರೆ ಮೂರು ತಿಂಗಳು ನೋಡಿ ತಾಸು ರದ್ದು. ಮೊದಲ ವಾರ ಏಳು ಮಂದಿ ಬಂದರು. ಎರಡನೆಯ ವಾರ ಒಬ್ಬರ ಅತ್ತೆ ಬಾಗಿಲಿಗೇ ಬಂದು, “ಪೇಪರ್ ಓದಿದ್ರ ರೊಟ್ಟಿ ತಾವ ಬೇಯತಾವೇನ? ಏಳ ಮ್ಯಾಲೆ” ಎಂದರು. ಆ ಅತ್ತೆಯೂ ಪರದೆಯ ಆಚೆ ಇದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮೂರನೆಯ ವಾರಕ್ಕೆ ನಾನೊಬ್ಬಳೇ ಉಳಿದೆ.

ಒಬ್ಬಳೇ ಕೂತು, ಹಿಂದಿನ ದಿನದ ಪತ್ರಿಕೆ ಬಿಡಿಸಿ, ಲಡಾಯಿಯ ಸುದ್ದಿ ಓದಿದೆ. ನಾಲ್ಕು ಗಂಟೆಗೆ ಪುಸ್ತಕದಲ್ಲಿ ನನ್ನ ಹೆಸರು ಬರೆದೆ. ಕೆಳಗೆ ನಾಲ್ಕು ಗೆರೆ ಖಾಲಿ ಇದ್ದವು.

ಅಧ್ಯಕ್ಷರೇ, ಆ ನಾಲ್ಕು ಗೆರೆಗಳನ್ನು ನಾನೇ ತುಂಬಿದೆ. ಅವತ್ತು ಮಾತ್ರವಲ್ಲ, ಹನ್ನೊಂದು ತಿಂಗಳು ತುಂಬಿದೆ. ವೀರವ್ವ, ನೂರಜಹಾನ, ನೀಲವ್ವ, ಶಿವಬಸವ್ವ. ನಾಲ್ವರೂ ನನ್ನ ಹಳೆಯ ವಿದ್ಯಾರ್ಥಿನಿಯರು. ನಾಲ್ಕನೆಯ ಇಯತ್ತೆ ಮುಗಿಯುವುದರೊಳಗೆ ಮದುವೆಯಾಗಿ ಹೋದವರು. ಅವರಿಗೆ ಅಕ್ಷರ ಕೈಹಿಡಿದು ತಿದ್ದಿಸಿದವಳು ನಾನು. ಯಾರ ಅಕ್ಷರ ಎತ್ತ ವಾಲುತ್ತದೆ ಎಂದು ನನಗೆ ಗೊತ್ತು. ಹಾಗೆಯೇ ಬರೆದೆ. ಕರಿಬಸಪ್ಪನವರಿಗೆ ಅನುಮಾನ ಬರದಿದ್ದುದು ಅವರ ತಪ್ಪಲ್ಲ.

ಬರೀ ಹೆಸರು ಬರೆದು ಎದ್ದಿದ್ದರೆ ಅದನ್ನು ಮೋಸ ಎಂದು ಒಪ್ಪಿಕೊಂಡು ಕೂತುಬಿಡುತ್ತಿದ್ದೆ. ನಾನು ಅಷ್ಟಕ್ಕೇ ನಿಲ್ಲಲಿಲ್ಲ. ವೀರವ್ವನನ್ನು ಹಂಸಭಾವಿಯ ಹತ್ತಿಯ ಹೊಲದವರ ಮನೆಗೆ ಕೊಟ್ಟಿದ್ದರು, ಅವಳಿಗಾಗಿ ಹತ್ತಿಯ ಧಾರಣೆ ಓದುತ್ತಿದ್ದೆ. ಸವಣೂರು ಸೇರಿದ ನೂರಜಹಾನಳಿಗೆ ವಾರಪತ್ರಿಕೆಯ ಕಥೆ. ತರಗತಿಯಲ್ಲಿ ಕಥೆ ನಿಲ್ಲಿಸಿದರೆ “ಆಮ್ಯಾಲೆ ಏನಾತ್ರಿ ಅಕ್ಕೋರ?” ಎಂದು ಮೊದಲು ಕೇಳುತ್ತಿದ್ದವಳು ಅವಳು. ನೀಲವ್ವನಿಗೆ ಮಳೆಬೆಳೆ ಸುದ್ದಿ. ಶಿವಬಸವ್ವನಿಗೆ ಓದು ಹಿಡಿಸುತ್ತಿರಲಿಲ್ಲ, ಸಾಬೂನಿನ ಜಾಹೀರಾತಿನ ಚಿತ್ರ ಬೇಕು. ಆ ಪುಟ ಬಿಡಿಸಿ ಸ್ವಲ್ಪ ಹೊತ್ತು ಹಾಗೇ ಇಡುತ್ತಿದ್ದೆ.

ವಾಚನಾಲಯದ ಸಿಪಾಯಿ ಲಕ್ಕಪ್ಪನಿಗೆ ಎಲ್ಲಾ ಗೊತ್ತಿತ್ತು. ಒಂದು ದಿನ ನೋಡಿದರೆ ಐದು ಚಾಪೆ ಹಾಸಿದ್ದ. ಯಾಕಪ್ಪಾ ಎಂದೆ. “ಪುಸ್ತಕದಾಗ ಐದು ಮಂದಿ ಅದಾರಲ್ರಿ. ಬಂದವರನ್ನ ಬರೀ ನೆಲದ ಮ್ಯಾಲೆ ಕುಂದರ್ಸಾಕ ಬರತೈತೇನ್ರಿ?” ಎಂದ. ನಗಲೂ ಇಲ್ಲ. ಸಭಿಕರೇ, ಅವನಿಗೆ ಏನೂ ಅನ್ನಬೇಡಿ. ತಪ್ಪು ಪೂರ್ತಿ ನನ್ನದು.

ಪುಸ್ತಕದಲ್ಲಿ ಮನೆಯ ವಿಳಾಸಕ್ಕೂ ಒಂದು ಅಂಕಣವಿತ್ತು. ಅಲ್ಲಿ ಹುಡುಗಿಯರ ತವರಿನ ಓಣಿ ಬರೆದಿದ್ದೆ. ಈ ಸಭೆಯ ಆಮಂತ್ರಣ ಆ ವಿಳಾಸಗಳಿಗೆ ಟಪಾಲಿನಲ್ಲಿ ಹೋಗುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಇವತ್ತು ಮುಂಜಾನೆ ಕೋಟೆ ಓಣಿಯ ಅಜ್ಜಪ್ಪನವರು, ಶಿವಬಸವ್ವನ ತಂದೆ, ಆಮಂತ್ರಣ ಹಿಡಿದುಕೊಂಡು ನನ್ನ ಮನೆಗೆ ಬಂದರು.

“ಅಕ್ಕೋರ, ನಮ್ಮ ಶಿವಬಸವ್ವನ ಹೆಸರಿಗೆ ಕಾಗದ ಬಂದೈತ್ರಿ. ಆಕಿ ಹೋಗಿ ಮೂರು ವರ್ಷ ಆತು. ಶಿಗ್ಗಾವಿಯಾಗ, ಬಾಣಂತನದಾಗ.”

ನನಗೆ ಗೊತ್ತಿರಲಿಲ್ಲ. ಬರ್ಲಿನ್ನಿನ ಸುದ್ದಿ ಎರಡು ದಿನಕ್ಕೆ ಬರುವ ಊರಲ್ಲಿ, ಅರ್ಧ ಮೈಲಿ ಆಚೆಯ ಓಣಿಯ ಸುದ್ದಿ ಮೂರು ವರ್ಷವಾದರೂ ನನ್ನ ಬಾಗಿಲಿಗೆ ಬರಲಿಲ್ಲ. ಹೇಳಬಾರದೆಂದು ಯಾರೂ ಬಿಟ್ಟದ್ದಲ್ಲ. ಅಕ್ಕೋರಿಗೂ ಹೇಳಬೇಕು ಎಂದು ಯಾರಿಗೂ ಅನಿಸಿರಲಿಕ್ಕಿಲ್ಲ, ಅಷ್ಟೆ.

ನಾನು ಮಾಡಿದ್ದನ್ನೆಲ್ಲ ಅವರ ಮುಂದೆ ಹೇಳಿದೆ. ಬೈಯುತ್ತಾರೆ ಎಂದುಕೊಂಡೆ. ಅವರು ಆಮಂತ್ರಣವನ್ನು ಮಡಚಿಟ್ಟುಕೊಂಡು, “ಏನ ಓದಸ್ತಿದ್ರಿ ಆಕೀಗೆ?” ಎಂದರು. ಚಿತ್ರದ ಮಾತು ಹೇಳಿದೆ. “ಹೌದ್ರಿ, ಆಕಿ ಅಂಥಾಕೀನ. ನಮ್ಮ ಮನ್ಯಾಗ ಈಗ ಆಕಿ ಹೆಸರು ಯಾರೂ ತಗೊಳ್ಳಂಗಿಲ್ರಿ. ತಗೊಂಡ್ರ ಅವರವ್ವ ಉಣ್ಣೂದು ಬಿಡತಾಳ. ಇವತ್ತ ಅಲ್ಲಿ ಕರೀತಾರಂದ್ರ ಒಮ್ಮೆ ಕೇಳಿ ಹೋಗ್ತೇನ್ರಿ” ಎಂದರು. ಬಂದಿದ್ದಾರೆ. ಬಾಗಿಲ ಬದಿಗೆ ಕೂತಿದ್ದಾರೆ.

ಕರಿಬಸಪ್ಪನವರೇ, ಹಾಜರಿ ಪುಸ್ತಕ ನಿಮ್ಮ ಕೈಯಲ್ಲಿದೆ. ನಾಳೆ ಮೂರು ಗಂಟೆಗೆ ಬಂದು ಅದರಲ್ಲಿ ಒಂದೇ ಹೆಸರು ಬರೆಯುತ್ತೇನೆ. ನಿಯಮದಂತೆ ನೀವು ಆ ತಾಸನ್ನು ಮುಚ್ಚಿದರೆ ನನ್ನ ದೂರಿಲ್ಲ. ಶಾಲೆಗೆ ಬೇರೆ ಅಕ್ಕೋರನ್ನು ಕೇಳಿದರೂ ದೂರಿಲ್ಲ. ವೀರವ್ವ, ನೂರಜಹಾನ, ನೀಲವ್ವ ಅವರವರ ಮನೆಯಲ್ಲಿದ್ದಾರೆ, ಅವರ ಖಣ ಎತ್ತಿಡಿ, ಹೆಸರು ಕರೆಯಬೇಡಿ.

ಒಂದೇ ಹೆಸರು ಕರೆಯಿರಿ. ಸುಳ್ಳೆಂದು ತಿಳಿದೂ ಕರೆಯಬೇಕು ಎಂದು ಕೇಳುತ್ತಿದ್ದೇನೆ. ಸಭೆ ತುಂಬಿದೆ, ಗದ್ದಲವಿದೆ. ಬಾಗಿಲ ತನಕ ಕೇಳುವ ಹಾಗೆ ಸ್ವಲ್ಪ ಗಟ್ಟಿಯಾಗಿ ಕರೆಯಿರಿ.

ಇಷ್ಟು ಹೊತ್ತು ಕೂತು ಕೇಳಿದಿರಿ, ಉಪಕಾರವಾಯಿತು. ಎಲ್ಲರಿಗೂ ನಮಸ್ಕಾರ.